ಫ್ಲೈಟ್ ಲೇಟಾಯ್ತು, ಅಪ್ಪನ ರೈಲು ಸಿಕ್ತು

ಜನವರಿಯ ದೆಹಲಿ. ಎದುರಿನ ಕಾರೂ ಕಾಣದಷ್ಟು ಮಂಜು. ಏರ್‌ಪೋರ್ಟ್ ಬಾಗಿಲಲ್ಲೇ ಮೆಸೇಜ್ ಬಂತು: ಬೆಳಗ್ಗೆ 9ರ ಬೆಂಗಳೂರು ಫ್ಲೈಟ್ ಸಂಜೆ 5ಕ್ಕೆ! ಕೌಂಟರ್‌ನಲ್ಲಿ ಕೇಳಿ ಖಚಿತ ಮಾಡಿಕೊಂಡೆ. ಬೆನ್ನಿಗಿದ್ದದ್ದು ಒಂದೇ ಬ್ಯಾಗು. ಮೆಟ್ರೋ ಹತ್ತಿ, ಎರಡನೇ ಸ್ಟೇಷನ್ ಧೌಲಾ ಕುವಾದಲ್ಲಿ ಇಳಿದು, ಆಟೋದಲ್ಲಿ ಚಾಣಕ್ಯಪುರಿಯ ರಾಷ್ಟ್ರೀಯ ರೈಲು ಮ್ಯೂಸಿಯಂಗೆ ಹೋದೆ.

ಅಪ್ಪ ಅರಸೀಕೆರೆಯಲ್ಲಿ ರೈಲ್ವೆ ನೌಕರರಾಗಿದ್ದವರು. "ಒಂದ್ಸಲ ಅದನ್ನ ನೋಡ್ಬೇಕು ಕಣೋ" ಅಂತಿದ್ರು. ಸ್ಟ್ರೋಕ್ ಆದಮೇಲೆ ಓಡಾಟ ನಿಂತಿತು, ಮಾತೂ ಕಮ್ಮಿಯಾಯ್ತು.

ಒಳಗೆ 1907ರ ಪಟಿಯಾಲಾ ಮೋನೋರೈಲು: ಸಣ್ಣ ಚಕ್ರಗಳು ಒಂಟಿ ಹಳಿ ಮೇಲೆ, ಪಕ್ಕದ ದೊಡ್ಡ ಚಕ್ರ ರಸ್ತೆ ಮೇಲೆ. ಮುಂದೆ ನಮ್ಮ ಮೈಸೂರು ಮಹಾರಾಜರ 1899ರ ತೇಗದ ಸಲೂನ್ ಬೋಗಿ! ತಕ್ಷಣ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ.

ಅವರು ಫೋನಿಗೆ ಮುಖ ಹತ್ತಿರ ತಂದು, ತೊದಲುತ್ತಲೇ, "ಚಕ್ರ ತೋರ್ಸೋ" ಅಂದ್ರು. ಬಗ್ಗಿ ತೋರಿಸಿದೆ. ಇಪ್ಪತ್ತು ನಿಮಿಷ ಫೋನ್ ಇಡೋಕೇ ಬಿಡಲಿಲ್ಲ. ಹಿಂದೆ ಅಮ್ಮ ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಎರಡೂವರೆಗೆ ವಾಪಸ್ ಬಂದೆ. ಫ್ಲೈಟ್ ಇನ್ನೂ ಒಂದು ಗಂಟೆ ತಡ ಅಂದ್ರು. ಬೈಯೋಕೆ ಮನಸ್ಸೇ ಬರಲಿಲ್ಲ.

ನಿಮಗೂ ಹೀಗಾದ್ರೆ ಹೋಗಿಬನ್ನಿ. ಸೋಮವಾರ ರಜೆ.