ಗೋಡೆ ಎಷ್ಟು ಕುಡಿದೀತು?

ಯಾರ ಮನೆಗೆ ಹೋದರೂ ನನ್ನದೊಂದು ಚಾಳಿ. ಮನೆಯವರು ಕಾಫಿ ತರಲು ಒಳಗೆ ಹೋಗುತ್ತಲೇ ನನ್ನ ಕಣ್ಣು ನೆಲದ ಟೈಲ್ಸ್ ಎಣಿಸತೊಡಗುತ್ತದೆ. ಎರಡಡಿ ಟೈಲ್ಸ್, ಆ ಕಡೆ ಏಳು, ಈ ಕಡೆ ಆರು; ಅಲ್ಲಿಗೆ ಹದಿನಾಲ್ಕು ಹನ್ನೆರಡರ ಹಾಲು. ಸುತ್ತಳತೆ 52 ಅಡಿ, ಎತ್ತರ ಹತ್ತು, ಗೋಡೆ 520 ಚದರಡಿ. ಬಾಗಿಲು ಕಿಟಕಿ ಕಳೆದು, ಎರಡು ಕೋಟಿಗೆ ಏಳು ಲೀಟರ್ ಎಮಲ್ಷನ್ ಎನ್ನುವಷ್ಟರಲ್ಲಿ ಕಾಫಿ ಬಂದಿರುತ್ತದೆ. ಇದನ್ನು ಯಾರೂ ಕೇಳಿಲ್ಲ, ನಾನೂ ಹೇಳುವುದಿಲ್ಲ. ಆದರೆ ಸಕ್ಕರೆ ಎಷ್ಟು ಎಂದು ಅವರು ಕೇಳಿದರೆ ಬಾಯಿಗೆ 'ಏಳು' ಬಂದುಬಿಡುತ್ತದೆ.

ಇದು ಅಪ್ಪನಿಂದ ಬಂದ ಆಸ್ತಿ. ಅವರು ಲೋಕೋಪಯೋಗಿ ಇಲಾಖೆಯಲ್ಲಿ ಓವರ್‌ಸಿಯರ್. ಬೇರೆ ಮಕ್ಕಳು ಮಗ್ಗಿ ಒಪ್ಪಿಸುವ ವಯಸ್ಸಿನಲ್ಲಿ ನಾನು ಟೇಪಿನ ಇನ್ನೊಂದು ತುದಿ ಹಿಡಿದು ನಿಂತಿರುತ್ತಿದ್ದೆ. ಬಾಗಿಲಿನ ಬಣ್ಣಕ್ಕೆ ಉದ್ದ ಅಗಲ ಗುಣಿಸಿದರೆ ಸಾಲದು ಎಂದು ಕಲಿಸಿದವರು ಅವರೇ. ಚೌಕಟ್ಟಿನೊಳಗೆ ಹಲಗೆ ಕೂರಿಸಿದ ಬಾಗಿಲಾದರೆ ಒಂದೊಂದು ಬದಿಗೂ ಮತ್ತೆ 1.3ರಿಂದ ಗುಣಿಸಬೇಕು, ಸಪಾಟಾದ ಫ್ಲಷ್ ಬಾಗಿಲಾದರೆ 1.2ರಿಂದ. ಅಂಚು, ಸಂದು, ದಾರಂದ ಎಲ್ಲ ಆ ದಶಮಾಂಶದಲ್ಲಿ ಅಡಗಿ ಕೂತಿವೆ. ಕಿಟಕಿಯ ಕಬ್ಬಿಣದ ಗ್ರಿಲ್ಲಿನದು ಇನ್ನೂ ಸೊಗಸು. ಸರಳನ್ನು ಒಂದೊಂದಾಗಿ ಅಳೆಯುವ ಹಾಗಿಲ್ಲ. ನಡುವಿನ ಖಾಲಿ ಜಾಗವನ್ನೂ ಸೇರಿಸಿ ಇಡೀ ಗ್ರಿಲ್ಲನ್ನು ಒಂದೇ ಹಾಳೆಯೆಂದು ಅಳೆದರೆ, ಸುತ್ತಲೂ ಬಳಿಯುವ ಬಣ್ಣಕ್ಕೆಲ್ಲ ಅಷ್ಟೇ ಲೆಕ್ಕ. ಗಾಳಿಗೂ ದುಡ್ಡು ಕೊಡುವ ಸರ್ಕಾರ ಎಂದು ಅಮ್ಮ ನಗುತ್ತಿದ್ದಳು.

ಅಮ್ಮನಿಗೆ ಈ ಲೆಕ್ಕವೇ ಬೇಕಿರಲಿಲ್ಲ. ಅವಳದು ಸುಣ್ಣದ ಕಾಲ. ಹಬ್ಬ ಹದಿನೈದು ದಿನ ಇದೆ ಎನ್ನುವಾಗ ಹಿತ್ತಲಿನ ಹಳೆಯ ಹಂಡೆಗೆ ಸುಣ್ಣದ ಕಲ್ಲು ಬೀಳುತ್ತಿತ್ತು. ನೀರು ಹೊಯ್ದರೆ ಒಲೆಯಿಲ್ಲದೆ ಕೊತಕೊತ ಕುದಿಯುತ್ತಿತ್ತು. ನಾವು ಮಕ್ಕಳು ದೂರ ನಿಲ್ಲಬೇಕು. ತಣಿದ ಮೇಲೆ ಹಳೇ ಪಂಚೆಯಲ್ಲಿ ಸೋಸಿ, ಚಿಟಿಕೆ ನೀಲಿ ಸೇರಿಸಿದರೆ ಆಯಿತು. ಸಾಲದೆ ಬಂದರೆ ಇನ್ನೆರಡು ಕಲ್ಲು ಹಾಕಿದರಾಯಿತು, ಬಿಳಿಗೆ ಬಿಳಿ ಕೂಡಿಕೊಳ್ಳುತ್ತದೆ. ಅಂದಾಜಿನ ತಲೆನೋವು ಶುರುವಾದದ್ದು ಗೋಡೆಗೆ ಬಣ್ಣ ಬಂದ ಮೇಲೆಯೇ ಎಂಬುದು ನನ್ನ ಅಭಿಪ್ರಾಯ. ಇವತ್ತು ಬೆರೆಸಿದ ತಿಳಿಹಸಿರಿಗೂ ನಾಲ್ಕು ದಿನ ಬಿಟ್ಟು ತಂದ ತಿಳಿಹಸಿರಿಗೂ ಗೋಡೆಯ ನಡುವೆ ಜಗಳ ಹತ್ತಬಹುದು. ಅದಕ್ಕೇ ಒಳ್ಳೆಯ ಕೆಲಸಗಾರರು ಡಬ್ಬಗಳನ್ನೆಲ್ಲ ಮೊದಲೇ ಒಂದು ದೊಡ್ಡ ಬಕೆಟ್ಟಿಗೆ ಸುರಿದು ಕಲಸಿಕೊಳ್ಳುತ್ತಾರೆ.

ಈ ವರ್ಷ ಶಿವಮೊಗ್ಗದ ನಮ್ಮ ಮನೆಯ ಹಿಂದಿನ ಕೋಣೆಯ ಸರದಿ. ಮಳೆಗಾಲ ಕಳೆದು ಗೋಡೆ ಒಣಗಲಿ ಎಂದು ಕಾದು, ಒಂದು ಭಾನುವಾರ ಟೇಪು ಹಿಡಿದೆ. ಹನ್ನೆರಡಕ್ಕೆ ಹತ್ತು, ಎತ್ತರ ಹತ್ತು: 440 ಚದರಡಿ. ಬಾಗಿಲಿಗೆ 21, ಎರಡು ಕಿಟಕಿಗೆ 32 ಕಳೆದರೆ 387. ಎರಡು ಕೋಟಿಗೆ 774. ಲೀಟರಿಗೆ ಒಂದು ಕೋಟು 140 ಚದರಡಿ ಎಂದಿಟ್ಟುಕೊಂಡರೆ ಐದೂವರೆ ಲೀಟರ್. ಸೂರಿನ 120 ಚದರಡಿಗೆ ಬೇರೆ ಬಿಳಿ. ಹಾಳೆಯ ಕೆಳಗೆ ಎರಡು ಗೆರೆ ಎಳೆದು, ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದವಳ ಹಾಗೆ ಕೂತೆ.

ಸೋಮವಾರ ಮೇಸ್ತ್ರಿ ಬಂದರು. ಹಾಳೆಯ ಕಡೆ ನೋಡಲೇ ಇಲ್ಲ. ಅಂಗೈಯಿಂದ ಗೋಡೆ ಸವರಿ, ಹತ್ತಿದ ಬಿಳಿ ಪುಡಿಯನ್ನು ಊದಿದರು. ಪಡುವಣ ಗೋಡೆಗೆ ಚೊಂಬಿನಿಂದ ಒಂದಿಷ್ಟು ನೀರು ಚಿಮುಕಿಸಿ ಸುಮ್ಮನೆ ನಿಂತರು. ನೀರು ಕೆಳಗಿಳಿಯಲಿಲ್ಲ, ಇದ್ದಲ್ಲೇ ಮಾಯ.

"ನೋಡಿದ್ರಾ ಅಮ್ಮ, ಈ ಗೋಡೆ ಬಾಳ ಕುಡಿಯುತ್ತೆ. ಪ್ರೈಮರ್ ಹೊಡೆದರೆ ಏಳು ಲೀಟರ್. ಹೊಡೀದಿದ್ರೆ ನಾನೇನೂ ಹೇಳಲ್ಲ."

"ನನ್ನ ಲೆಕ್ಕ ಐದೂವರೆ ಅಲ್ವಾ ಮೇಸ್ತ್ರಿ?"

"ನಿಮ್ಮ ಲೆಕ್ಕ ಸರಿ ಅಮ್ಮ. ಅದು ಗೋಡೆಗೆ ಗೊತ್ತಿಲ್ಲ."

ನಾನು ಕಳೆದಿದ್ದ ಕಿಟಕಿಗಳ ಒಳಮೈಯನ್ನು ಕೂಡಿಸಿರಲಿಲ್ಲ. ಗೋಡೆ ಒಂಬತ್ತಿಂಚು ದಪ್ಪ. ಕಿಟಕಿಯ ಮೂರು ಬದಿಗೂ ಬಣ್ಣ ಬೇಕು. ಗೂಡಿನ ಒಳಗೋಡೆಯೂ ಬಿಟ್ಟುಹೋಗಿತ್ತು. ಅಪ್ಪ ಇದ್ದಿದ್ದರೆ ಹಾಳೆಯನ್ನು ಮಾತಿಲ್ಲದೆ ನನ್ನ ಕಡೆಗೇ ತಳ್ಳುತ್ತಿದ್ದರು. ಆದರೂ ಅದೆಲ್ಲ ಸೇರಿ ಕಾಲು ಲೀಟರ್ ಆದೀತು, ಒಂದೂವರೆ ಆಗದು. ಉಳಿದದ್ದು ಮೇಸ್ತ್ರಿಯ ಅಂಗೈ ಲೆಕ್ಕ. ಅದನ್ನು ಇಲಾಖೆಯ ಯಾವ ಅಳತೆ ಪುಸ್ತಕದಲ್ಲಿ ಬರೆದಿದ್ದಾರೋ ಕಾಣೆ. ನಾಲ್ಕು ಲೀಟರಿನದೊಂದು, ಒಂದು ಲೀಟರಿನವು ಮೂರು ಡಬ್ಬ ತಂದೆ.

ನಾಲ್ಕನೇ ದಿನ ಕೆಲಸ ಮುಗಿಯಿತು. ಮೇಸ್ತ್ರಿ ಕುಂಚ ತೊಳೆಯುತ್ತಿದ್ದಾಗ ನಾನು ಮಿಕ್ಕಿದ್ದನ್ನು ಅಡುಗೆಮನೆಯ ಹಳೇ ಲೋಟದಲ್ಲಿ ಕದ್ದು ಅಳೆದೆ. ಸರಿಯಾಗಿ ಮುಕ್ಕಾಲು ಲೀಟರ್. ಖರ್ಚಾದದ್ದು ಆರೂಕಾಲು, ಅಂದರೆ ಅವರಿಗೂ ಮುಕ್ಕಾಲು ತಪ್ಪು, ನನಗೂ ಮುಕ್ಕಾಲು ತಪ್ಪು. ಹೇಳಿದರೆ ನಕ್ಕರು.

ಮಿಕ್ಕಿದ್ದನ್ನು ಸಣ್ಣ ಡಬ್ಬಕ್ಕೆ ಸುರಿದು, ಮುಚ್ಚಳ ಬಿಗಿದು, ಬಣ್ಣದ ಸಂಖ್ಯೆ, ಕೋಣೆ, ತಾರೀಕು ಬರೆದು ಅಟ್ಟಕ್ಕೆ ಏರಿಸಿದೆ. ಅಲ್ಲಿ ಅಂಥವು ಈಗ ಹನ್ನೊಂದು ಇವೆ.