‘ಇಲ್ಲ’ ಎನ್ನುವ ಮೊದಲು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕಳುಹಿಸಬೇಕೆಂದು ಸಂಪಾದಕ ಮಿತ್ರರು ಆಜ್ಞಾಪಿಸಿದಾಗ ಏನು ಬರೆಯಲೆಂದು ತೋಚದೆ ಕೆಲವು ದಿನ ಸುಮ್ಮನಿದ್ದೆ. ನಮ್ಮ ಶಾಲೆಯಿಂದ ಹೊರಬಂದವರಲ್ಲಿ ಅಧ್ಯಾಪಕರಿದ್ದಾರೆ, ವೈದ್ಯರಿದ್ದಾರೆ, ಕೃಷಿಕರಂತೂ ಮನೆಮನೆಯಲ್ಲಿದ್ದಾರೆ. ಅವರ ಕೆಲಸವೇನೆಂದು ಯಾರೂ ಕೇಳುವುದಿಲ್ಲ. ನಾನು ಕಾಸರಗೋಡಿಗೆ ಬಂದಾಗಲೆಲ್ಲ “ನಿನ್ನದು ಅದೆಂತಹ ಉದ್ಯೋಗ ಮಾರಾಯ?” ಎಂಬ ಪ್ರಶ್ನೆ ತಪ್ಪಿದ್ದಲ್ಲ.

ನನ್ನದು ಪೇಟೆಂಟ್ ಮಾಹಿತಿಯ ಶೋಧ. ಒಬ್ಬನು ಹೊಸದೊಂದನ್ನು ಕಂಡುಹಿಡಿದೆನೆಂದರೆ ಅದು ಲೋಕದಲ್ಲಿ ಎಲ್ಲಿಯಾದರೂ ಮೊದಲೇ ಪ್ರಕಟವಾಗಿದೆಯೇ ಎಂದು ಹುಡುಕುವುದು. ಅರಶಿನದ ಪ್ರಕರಣ ಅನೇಕರಿಗೆ ನೆನಪಿರಬಹುದು. ಗಾಯಕ್ಕೆ ಅರಶಿನ ಹಚ್ಚುವ ಕ್ರಮಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆತಿತ್ತು. ನಮ್ಮ ಸಿ.ಎಸ್.ಐ.ಆರ್. ಸಂಸ್ಥೆಯು 1996ರಲ್ಲಿ ಅದನ್ನು ಪ್ರಶ್ನಿಸಿ, ಹಳೆಯ ಗ್ರಂಥಗಳನ್ನೂ 1953ರ ವೈದ್ಯಕೀಯ ಪತ್ರಿಕೆಯ ಲೇಖನವನ್ನೂ ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಅಜ್ಜಿಗೆ ಗೊತ್ತಿದ್ದರೆ ಸಾಲದು, ಅಚ್ಚಾದದ್ದು ಕೈಗೆ ಸಿಗಬೇಕು. ಸಿಕ್ಕಿದರೆ ಕೆಲಸ ಸುಲಭ. ಸಿಗದಿದ್ದಾಗ ‘ಇಲ್ಲ’ ಎಂದು ಬರೆದು ಸಹಿ ಹಾಕುವುದೇ ಕಷ್ಟ.

ಶಾಲೆಯಲ್ಲಿ ನಮಗೆ ಕನ್ನಡ ಕಲಿಸಿದ ಪಂಡಿತರು ಕಿಟೆಲ್ ನಿಘಂಟನ್ನು ಮೇಜಿನ ಮೇಲಿಟ್ಟು ಪದ ಹುಡುಕಿಸುತ್ತಿದ್ದರು. “ಇಲ್ಲ ಸಾರ್” ಎಂದರೆ ಬೈಯುತ್ತಿರಲಿಲ್ಲ, “ಯಾವ ಅಕ್ಷರದಲ್ಲಿ ನೋಡಿದೆ?” ಎಂದು ಕೇಳುತ್ತಿದ್ದರು. ಲಕಾರ ಳಕಾರಗಳ ಗೊಂದಲದಲ್ಲಿ ನಾನು ನೋಡಿದ್ದು ತಪ್ಪು ಪುಟವಾಗಿರುತ್ತಿತ್ತು.

ಆ ಪ್ರಶ್ನೆಯನ್ನು ನಾನು ಮರೆತದ್ದರ ಫಲವನ್ನು ಅನುಭವಿಸಿದವರು ನಮ್ಮ ನೆರೆಯ ಕೃಷಿಕರೊಬ್ಬರು. ಕೊನೆಗಾರರು ಸಿಗದ ಕಾಲದಲ್ಲಿ, ಅಡಿಕೆ ಮರಕ್ಕೆ ತಾನಾಗಿ ಏರಿ ಮದ್ದು ಸಿಂಪಡಿಸುವ ಪುಟ್ಟ ಯಂತ್ರವನ್ನು ಅವರು ರೂಪಿಸಿದ್ದರು. ನಾನು ವೃತ್ತಿಗೆ ಹೊಸಬ. ಊರಿನವರೆಂಬ ಅಭಿಮಾನದಿಂದ, ದುಡ್ಡು ಉಳಿಸುವೆನೆಂದು ಉಚಿತವಾಗಿ ದೊರೆಯುವ ಜಾಲತಾಣದಲ್ಲಿ ಅಡಿಕೆ, ತೆಂಗು, ತಾಳೆ ಎಂದು ಹುಡುಕಿ, “ಇಂತಹದು ಇಲ್ಲ, ಧೈರ್ಯವಾಗಿ ಮುಂದುವರಿಯಿರಿ” ಎಂದೆ. ಅವರು ಒಂದು ವರ್ಷದ ಅಡಿಕೆಯ ಹಣವನ್ನು ಅರ್ಜಿಗೂ ಮಾದರಿಗೂ ಸುರಿದರು. ಪರೀಕ್ಷಕರ ಮೊದಲ ವರದಿಯಲ್ಲಿಯೇ ಜಪಾನಿನ ಹಳೆಯ ದಾಖಲೆಯೊಂದು ಎದುರಾಯಿತು. ದೇವದಾರು ಜಾತಿಯ ಮರಗಳನ್ನೇರಿ ಕೊಂಬೆ ಸವರುವ ಯಂತ್ರ. ಚಕ್ರಗಳ ಜೋಡಣೆ ಥೇಟು ಇವರದೇ.

ಅದು ಪೇಟೆಂಟ್ ಕೂಡ ಆಗಿರಲಿಲ್ಲ. ‘ಯುಟಿಲಿಟಿ ಮಾಡೆಲ್’ ಎಂಬ ಕಿರಿಯ ಹಕ್ಕು. ಜಪಾನ್, ಜರ್ಮನಿ, ಚೀನಾಗಳಲ್ಲಿದೆ, ನಮ್ಮ ದೇಶದ ಕಾನೂನಿನಲ್ಲಿ ಇಲ್ಲ. ನಾನು ನೆಚ್ಚಿದ್ದ ಜಪಾನೀ ದಾಖಲೆಗಳ ಇಂಗ್ಲಿಷ್ ಸಾರಾಂಶಗಳಲ್ಲಿ ಅವು ಸೇರಿರಲಿಲ್ಲ. ಸೇರಿದ್ದರೂ ‘ಅಡಿಕೆ’ ಎಂಬ ಪದಕ್ಕೆ ಅದು ಸಿಗುತ್ತಿತ್ತೇ? ವರ್ಗೀಕರಣದ ದಾರಿಯಲ್ಲಿ ಹೋಗಬೇಕಿತ್ತು. ಮರ ಏರುವ ಸಾಧನಗಳು ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ ‘ಎ 63 ಬಿ 27’ ಎಂಬಲ್ಲಿ, ಅಂದರೆ ವ್ಯಾಯಾಮ, ಕ್ರೀಡೆಗಳ ಪಂಕ್ತಿಯಲ್ಲಿ ಕುಳಿತಿವೆ! ನಮ್ಮ ಕೊನೆಗಾರರು ಕೇಳಿದರೆ ನಕ್ಕಾರು.

ಅನಂತರ ಆಕರಗಳನ್ನು ಆರಿಸುವಲ್ಲಿ ನಾನು ಜಿಪುಣನೂ ಆದೆ, ಸಂಶಯಿಯೂ ಆದೆ. ಡರ್ವೆಂಟ್‌ನವರದು ದುಬಾರಿ, ಆದರೆ ಪೇಟೆಂಟುಗಳ ಮೂಲ ಶೀರ್ಷಿಕೆಗಳು ಬೇಕೆಂದೇ ಮಸುಕಾಗಿರುವುದರಿಂದ, ತಜ್ಞರು ಪ್ರತಿಯೊಂದಕ್ಕೂ ಸ್ಪಷ್ಟವಾದ ಇಂಗ್ಲಿಷ್ ಶೀರ್ಷಿಕೆ, ಸಾರಾಂಶಗಳನ್ನು ಹೊಸದಾಗಿ ಬರೆದಿರುತ್ತಾರೆ. ಔಷಧದ ಅಣುವಿನ ವಿಷಯವಾದರೆ ರಾಸಾಯನಿಕ ರಚನೆಯನ್ನೇ ಚಿತ್ರಿಸಿ ಹುಡುಕಬಲ್ಲ ಎಸ್‌ಟಿಎನ್ ಬೇಕು. ಪದಗಳನ್ನು ನಂಬಿದರೆ ಕೆಟ್ಟಂತೆ. ಯಂತ್ರಗಳಿಗೆ ಅದು ವ್ಯರ್ಥ. 1998ರಿಂದ ಉಚಿತವಾಗಿ ದೊರೆಯುತ್ತಿರುವ ಎಸ್ಪಾಸ್ನೆಟ್ ಬಹಳ ಒಳ್ಳೆಯದು, ಆದರೆ ಅಲ್ಲಿಗೇ ನಿಲ್ಲಬಾರದು. ಮಾರಲು ಬಂದವರು ಕೋಟಿಗಳ ಲೆಕ್ಕ ಹೇಳುತ್ತಾರೆ. ನಾನು ಕೇಳುವುದು ಬೇರೆ: ಯಾವ ದೇಶದ್ದು ಯಾವ ವರ್ಷದಿಂದ ಇಲ್ಲ? ಪಠ್ಯವಿದೆಯೇ, ಬರೀ ಪುಟಗಳ ಚಿತ್ರವೇ? ಬಳಿಕ ನನಗೆ ಮೊದಲೇ ಗೊತ್ತಿರುವ ಇಪ್ಪತ್ತು ದಾಖಲೆಗಳನ್ನು ಅದರಲ್ಲಿ ಹುಡುಕಿ, ಎಷ್ಟು ಸಿಕ್ಕವೆಂದು ಎಣಿಸುತ್ತೇನೆ. ಆ ಜಪಾನೀ ದಾಖಲೆ ಆ ಇಪ್ಪತ್ತರಲ್ಲಿ ಒಂದು.

ಪದಗಳ ಆಟವೂ ಸಣ್ಣದಲ್ಲ. ನಮ್ಮ ‘ಕೊಳೆರೋಗ’ ವಿಜ್ಞಾನದ ಭಾಷೆಗೇ ಸೇರಿಹೋಗಿದೆ. 1876ರಲ್ಲಿ ಕುಕ್ ಎಂಬ ಶಿಲೀಂಧ್ರತಜ್ಞ ಮೈಸೂರಿನ ಕಾಫಿ ಗಿಡದ ರೋಗಕಾರಕಕ್ಕೆ ‘ಪೆಲಿಕ್ಯುಲೇರಿಯಾ ಕೊಳೆರೋಗ’ ಎಂದು ಹೆಸರಿಟ್ಟ. ಅಡಿಕೆಯ ಕೊಳೆರೋಗವೇ ಬೇರೆ. ಲೆಸ್ಲಿ ಕೋಲ್‌ಮನ್ ಅದರ ಅಧ್ಯಯನವನ್ನು ಪ್ರಕಟಿಸಿದ್ದು 1910ರಲ್ಲಿ. ಕೊಳೆರೋಗವೆಂದು ಹುಡುಕಿದರೆ ಎರಡೂ ಬಂದು ಬೀಳುತ್ತವೆ. ಬೇರ್ಪಡಿಸುವಾಗ ಕಾಸರಗೋಡಿನವನಾದದ್ದು ಉಪಯೋಗಕ್ಕೆ ಬಂದಿದೆ.

ನೆರೆಯವರು ನನ್ನ ಮೇಲೆ ಕೋಪಿಸಿಕೊಳ್ಳಲಿಲ್ಲ. ವರದಿಯನ್ನು ಓದಿ ಹೇಳಿದಾಗ, “ಹಾಗಾದರೆ ಜಪಾನಿನಲ್ಲಿಯೂ ಮರ ಹತ್ತುವವರಿಲ್ಲವೋ?” ಎಂದಷ್ಟೇ ಕೇಳಿ ಎಲೆಯ ಹರಿವಾಣವನ್ನು ನನ್ನತ್ತ ಸರಿಸಿದರು. ಕಳೆದ ಮಳೆಗಾಲದಲ್ಲಿ ಮತ್ತೊಂದು ನಕ್ಷೆ ತಂದರು. ಒದ್ದೆ ಮರದಲ್ಲಿ ಜಾರದ ಹಿಡಿತ. ನಾಲ್ಕು ಆಕರಗಳಲ್ಲಿ ಹುಡುಕಿದೆ, ಯುಟಿಲಿಟಿ ಮಾಡೆಲ್‌ಗಳ ಸಹಿತ. ಏನೂ ಸಿಗಲಿಲ್ಲ. ಎಲ್ಲೆಲ್ಲಿ ನೋಡಿದೆ, ಯಾವ ಪದಗಳಲ್ಲಿ, ಯಾವ ದಿನದವರೆಗೆ ಎಂದು ಮೂರು ಪುಟ ಬರೆದುಕೊಟ್ಟು, ಅರ್ಜಿಗಳು ಸಾಮಾನ್ಯವಾಗಿ ಹದಿನೆಂಟು ತಿಂಗಳು ಪ್ರಕಟವಾಗದೆ ಇರುತ್ತವೆ, ಆ ಕತ್ತಲೆಯೊಳಗೆ ಯಾವ ಆಕರಕ್ಕೂ ಕಣ್ಣಿಲ್ಲ ಎಂದು ಕೊನೆಯಲ್ಲಿ ಸೇರಿಸಿದೆ. ಅವರು ಆ ಕೊನೆಯ ಸಾಲನ್ನು ಎರಡು ಬಾರಿ ಓದಿಸಿ, ಅರ್ಜಿ ಹಾಕೋಣವೆಂದರು. ಅದೀಗ ಪರೀಕ್ಷಕರ ಮುಂದಿದೆ.