ಅವ್ವನ ಸೀರೆ, ನಮ್ಮ ಅಂಗಿ, ಬ್ಲ್ಯಾಕ್‌ಟೌನಿನ ಕೌದಿ

ಗಲ್ಫ್‌ನಿಂದ ರಜೆಗೆ ಊರಿಗೆ ಹೊರಟವರ ಸಾಮಾನಿನಲ್ಲಿ ಒಂದು ದಪ್ಪ ಕಂಬಳಿ ಇಲ್ಲದಿದ್ದರೆ ಆ ಸಾಮಾನಿಗೆ ಕಳೆಯೇ ಇಲ್ಲ. ಹುಲಿಯದೋ ಗುಲಾಬಿ ಹೂವಿನದೋ ಚಿತ್ರವಿರುವ, ಐದಾರು ಕಿಲೋ ತೂಗುವ ಆ ಕಂಬಳಿಯನ್ನು ಚೀಲದ ಸಮೇತ ಹಗ್ಗ ಬಿಗಿದು ವಿಮಾನ ಹತ್ತಿಸಿದವರು ನಮ್ಮಲ್ಲಿ ಎಷ್ಟು ಜನ! ಶಾರ್ಜಾದಲ್ಲಿ ಕಳೆದ ಹತ್ತೊಂಬತ್ತು ವರ್ಷಗಳಲ್ಲಿ ನಾವಿಬ್ಬರೂ ಅಂಥ ಹತ್ತಾರು ಕಂಬಳಿ ಹೊತ್ತಿದ್ದೇವೆ. ಹುನಗುಂದ ಸೀಮೆಯ ನಮ್ಮ ಮನೆಯಲ್ಲಿ ಬೀಗರು ಬಂದಾಗ ಅವು ಹೊರಗೆ ಬರುತ್ತಿದ್ದವು, ಬೀಗರು ಹೋದ ಮೇಲೆ ಮತ್ತೆ ಟ್ರಂಕು ಸೇರುತ್ತಿದ್ದವು. ದಿನದ ನಿದ್ದೆಗೆ ಎಲ್ಲರೂ ಹುಡುಕುತ್ತಿದ್ದದ್ದು ಮಾತ್ರ ಕೌದಿಯನ್ನೇ.

ಈಗ ನಾವಿರುವುದು ಸಿಡ್ನಿಯ ಪಶ್ಚಿಮಕ್ಕಿರುವ ಬ್ಲ್ಯಾಕ್‌ಟೌನಿನಲ್ಲಿ, ಮಗಳ ಮನೆಯಲ್ಲಿ. ಸಂಘದ ಸಂಚಿಕೆಗೆ ಏನಾದರೂ ಬರೆದು ಕಳಿಸಿ ಎಂದು ಹಳೆಯ ಗೆಳೆಯರು ಹೇಳಿದಾಗ, ಇಲ್ಲಿ ಕೂತು ನಾವು ಹೊಲಿದ ಕೌದಿಯ ಬಗ್ಗೆಯೇ ಬರೆಯೋಣ ಅನ್ನಿಸಿತು. ಮನೆ ಮಂದಿ ಮೂರು ದೇಶಗಳಲ್ಲಿ ಹಂಚಿಹೋಗಿರುವ ನಮ್ಮಂಥವರಿಗೆ ಕೌದಿ ಬರೀ ಹೊದಿಕೆಯಲ್ಲ ಎಂಬುದು ನಮಗೆ ಇಲ್ಲಿಯೇ ತಿಳಿದದ್ದು.

ಕರಾವಳಿ ಮತ್ತು ಹಳೇ ಮೈಸೂರು ಕಡೆಯ ಓದುಗರಿಗಾಗಿ ಒಂದೆರಡು ಮಾತು. ಉಟ್ಟು ಹಳತಾದ ನೂಲಿನ ಸೀರೆ, ಧೋತರ, ಅಂಗಿ, ಕುಪ್ಪಸಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡು ಹಚ್ಚಿ, ಉದ್ದಕ್ಕೂ ಸಣ್ಣ ಹೊಲಿಗೆ ಹಾಕಿ ಒಂದು ಮಾಡಿದರೆ ಅದು ಕೌದಿ. ಒಳಗೆ ಹತ್ತಿ ತುಂಬುವುದಿಲ್ಲ, ಹಳೆಯ ಬಟ್ಟೆಯ ಪದರಗಳೇ ಅದರ ಮೈ. ಚಳಿಗಾಲದಲ್ಲಿ ಹೊಚ್ಚಿಕೊಳ್ಳಲು, ಬೇಸಿಗೆಯಲ್ಲಿ ಹಾಸಿಕೊಳ್ಳಲು, ಕೂಸನ್ನು ಮಲಗಿಸಲು ಅದೇ. ನಮ್ಮ ಕಡೆ ಮನೆಯ ಹೆಂಗಸರೂ ಹೊಲಿಯುತ್ತಾರೆ, ಗೊಂಧಳಿ, ಬುಡಬುಡಕಿ ಮೊದಲಾದ ಸಮುದಾಯದ ಹೆಣ್ಣುಮಕ್ಕಳು ಊರೂರು ತಿರುಗಿ ಕೂಲಿಗೂ ಹೊಲಿದುಕೊಡುತ್ತಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ಧಿ ಹೆಂಗಸರ ಕೌದಿ ಬೇರೆಯೇ ಚೆಂದ. ಅವರು ಅಂಚಿನಿಂದ ಹೊಲಿಗೆ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಹೂವು ಕೂರಿಸುತ್ತಾರೆ. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ವಿದ್ವಾಂಸರು ಅವುಗಳ ಮೇಲೆ ವರ್ಷಗಟ್ಟಲೆ ಅಧ್ಯಯನ ಮಾಡಿ ಬರೆದಿದ್ದಾರೆ.

ನಮ್ಮ ಅವ್ವ ಕೌದಿ ಹೊಲಿಯುವುದರಲ್ಲಿ ಊರಿಗೇ ಹೆಸರಾದವಳು. ನಮ್ಮಲ್ಲೊಬ್ಬರಿಗೆ ಹೆತ್ತ ತಾಯಿ, ಇನ್ನೊಬ್ಬರಿಗೆ ಅತ್ತೆ, ಕರೆಯುವುದು ಮಾತ್ರ ಇಬ್ಬರೂ ಅವ್ವ ಎಂದೇ. ಗುಳೇದಗುಡ್ಡದ ಖಣದ ಚೂರು, ಇಳಕಲ್ಲ ಸೀರೆಯ ದಡಿ, ಮಕ್ಕಳ ಶಾಲೆಯ ಖಾಕಿ ಚಡ್ಡಿ ಯಾವುದನ್ನೂ ಎಸೆಯುತ್ತಿರಲಿಲ್ಲ. ಕೊನೆಯ ತುಂಡು ಹಚ್ಚುವ ಮೊದಲು ನಡುವೆ ನಾಲ್ಕು ಕಾಳು ಜೋಳ ಇಡುತ್ತಿದ್ದಳು. “ಹೊಚ್ಚಿಕೊಂಡವರು ಹಸಕೊಂಡು ಮಲಗಬಾರದು” ಎನ್ನುತ್ತಿದ್ದಳು.

ಅವಳು ಹೊಲಿದ ಒಂದು ಕೌದಿ ಶಾರ್ಜಾದಲ್ಲಿ ನಮ್ಮೊಂದಿಗೆ ಬಹಳ ವರ್ಷ ಇತ್ತು. ಹೊರಗೆ ನಲವತ್ತೈದು ಡಿಗ್ರಿ ಸುಡುತ್ತಿದ್ದರೂ ಒಳಗೆ ಏಸಿಯ ಕೆಳಗೆ ಮಲಗಿದವನಿಗೆ ನಡುಕ. ಒಂದೇ ಕೋಣೆಯಲ್ಲಿ ಆರು ಜನ ಇದ್ದಾಗ ಏಸಿ ಯಾರ ಮಾತೂ ಕೇಳುವುದಿಲ್ಲ ಎಂಬುದು ಬೆಡ್‌ಸ್ಪೇಸಿನಲ್ಲಿ ಇದ್ದವರಿಗೆಲ್ಲ ಗೊತ್ತು. ಅಂಥಲ್ಲಿ ದಪ್ಪ ಕಂಬಳಿ ಹೊಚ್ಚಿದರೆ ಬೆವರು, ಬಿಟ್ಟರೆ ಚಳಿ. ಕೌದಿ ಎರಡಕ್ಕೂ ಸರಿಹೋಗುತ್ತಿತ್ತು. ಒಗೆದರೆ ಶಾರ್ಜಾದ ಬಿಸಿಲಿಗೆ ಬೇಗ ಒಣಗುತ್ತಿತ್ತು. ಆಸ್ಟ್ರೇಲಿಯಾಕ್ಕೆ ಹೊರಟಾಗ ಮಾತ್ರ ಅದನ್ನು ಊರಿನಲ್ಲೇ ಇಟ್ಟು ಬಂದೆವು. ಇಲ್ಲಿ ಕಾಳು, ಬೀಜ ಒಳತರುವ ವಿಷಯದಲ್ಲಿ ನಿಯಮ ಬಲು ಬಿಗಿ. ಅವ್ವನ ನಾಲ್ಕು ಕಾಳು ಜೋಳ ತೆಗೆಯಲು ಹೊಲಿಗೆ ಬಿಚ್ಚುವ ಮನಸ್ಸು ನಮಗಾಗಲಿಲ್ಲ.

2021ರ ಆಗಸ್ಟ್‌ನಲ್ಲಿ ಅವ್ವ ತೀರಿಕೊಂಡಳು. ಆಸ್ಟ್ರೇಲಿಯಾದ ಗಡಿ 2020ರ ಮಾರ್ಚ್‌ನಿಂದಲೇ ಮುಚ್ಚಿತ್ತು. ಕೊರೋನಾ ಹೆಚ್ಚಿದ್ದ ಪಶ್ಚಿಮ ಸಿಡ್ನಿಯಲ್ಲಿ ಆಗ ಬ್ಲ್ಯಾಕ್‌ಟೌನಿಗೆ ಎಲ್ಲಕ್ಕಿಂತ ಬಿಗಿಯಾದ ನಿರ್ಬಂಧ, ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ಮಣ್ಣಿಗೆ ಹೋಗುವುದು ದೂರದ ಮಾತು. ಮೊಬೈಲಿನಲ್ಲಿ ನೋಡಿದೆವು, ಸ್ನಾನ ಮಾಡಿದೆವು, ದೀಪ ಹಚ್ಚಿದೆವು. ಗಲ್ಫ್‌ನಲ್ಲಿ ಇರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಥ ಸುದ್ದಿ ಬಂದ ರಾತ್ರಿ ಕೋಣೆಯಲ್ಲಿ ಒಬ್ಬೊಬ್ಬರು ಹೇಗೆ ಕೂತಿರುತ್ತಾರೆ ಎಂದು ನೀವೂ ಕಂಡವರೇ.

ಗಡಿ ತೆರೆದ ಮೇಲೆ ತಂಗಿಯ ಮಗ ಓದಲೆಂದು ಮೆಲ್ಬರ್ನ್‌ಗೆ ಬಂದ. ಅವನ ಪೆಟ್ಟಿಗೆಯಲ್ಲಿ ತಂಗಿ ಅವ್ವನ ಏಳು ಸೀರೆ ಇಟ್ಟು ಕಳಿಸಿದ್ದಳು. ಅವುಗಳನ್ನು ತರಲು ನಾವು ಮಗಳ ಕುಟುಂಬದೊಂದಿಗೆ ಕಾರಿನಲ್ಲಿ ಮೆಲ್ಬರ್ನ್‌ಗೆ ಹೋದೆವು. ಸೀರೆಗಳಲ್ಲಿ ಒಂದು ಧಾರೆಯದು, ಎರಡು ಗಟ್ಟಿಯಾಗಿದ್ದವು, ಉಳಿದ ನಾಲ್ಕು ಅಲ್ಲಲ್ಲಿ ಪಿಸಿದಿದ್ದವು. ಕೌದಿ ಮಾಡೋಣ ಎಂದು ಫೋನಿನಲ್ಲಿ ಹೇಳಿದ್ದೇ ತಡ, ತಂಗಿ ಅಳುವುದಕ್ಕೆ ಶುರುಮಾಡಿದಳು. “ಅವ್ವನ ಸೀರಿಗೆ ಕತ್ತರಿ ಹಚ್ಚತೀರೇನು? ಹಂಗ ಇಟಗೋರಿ ಅಂತ ಕಳಿಸೀನಿ” ಎಂದಳು. ಮಗಳಿಗೂ ಅದೇ ಅಳುಕು. ಚಿಗವ್ವನನ್ನು ಕೇಳಿದೆವು. ಎಂಬತ್ತು ದಾಟಿದ ಆಕೆ ಹೇಳಿದ್ದು ಇಷ್ಟೇ: “ಟ್ರಂಕಿನಾಗ ಇಟ್ಟರ ನುಸಿ ತಿಂತದವಾ. ಹೊಚಗೊಂಡ್ರ ಮೊಮ್ಮಕ್ಕಳ ಮೈಮ್ಯಾಲ ಇರತಾಳ ಅಕಿ.” ಕೊನೆಗೆ ಒಂದು ದಾರಿ ಮಾಡಿದೆವು. ಧಾರೆ ಸೀರೆ ತಂಗಿಗೆ ಮರಳಿ ಹೋಗುವುದು. ಗಟ್ಟಿಯಾದ ಎರಡು ಸೀರೆಗೆ ಕತ್ತರಿ ತಾಗಿಸದೆ ಮಡಚಿ ಬುಡದ ಪದರವಾಗಿ ಹಾಸುವುದು. ಪಿಸಿದ ನಾಲ್ಕರಲ್ಲಿ ಮಾತ್ರ ತುಂಡು ತೆಗೆಯುವುದು. ತಂಗಿ ಒಪ್ಪಿದಳು. ಮರುದಿನವೇ ತನ್ನದೊಂದು ಹಳೆಯ ಕುಪ್ಪಸವನ್ನೂ ಕಳಿಸುತ್ತೇನೆ ಎಂದಳು.

ಅದೇ ಪ್ರಯಾಣದಲ್ಲಿ ಮೆಲ್ಬರ್ನ್ ಹತ್ತಿರದ ಜೀಲಾಂಗ್ ಊರಿನ ರಾಷ್ಟ್ರೀಯ ಉಣ್ಣೆ ಸಂಗ್ರಹಾಲಯದಿಂದ ಒಂದು ಹೊಸ ಮಾತು ಕಲಿತೆವು: ವಾಗಾ. ನ್ಯೂ ಸೌತ್ ವೇಲ್ಸ್‌ನ ವಾಗಾ ವಾಗಾ ಊರಿನ ಹಿಟ್ಟಿನ ಚೀಲಗಳಿಂದ ಬಂದ ಹೆಸರು ಎನ್ನುತ್ತಾರೆ. 1930ರ ದಶಕದ ಬರಗಾಲದಂಥ ಆರ್ಥಿಕ ಕುಸಿತದಲ್ಲಿ ಇಲ್ಲಿನ ಬಡವರು ಖಾಲಿ ಹಿಟ್ಟಿನ ಚೀಲ, ಹರಿದ ಸ್ವೆಟರ್, ದರ್ಜಿಯ ಅಂಗಡಿಯ ಮಾದರಿ ಚೂರುಗಳನ್ನು ಸೇರಿಸಿ ಹೊಲಿದು ಹೊಚ್ಚಿಕೊಳ್ಳುತ್ತಿದ್ದರು. ಕೆಲಸ ಹುಡುಕಿ ಊರೂರು ಅಲೆಯುವ ಗಂಡಸರು ಗೋಣಿಚೀಲಗಳನ್ನು ದಬ್ಬಣದಿಂದ ಹೊಲಿದು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಇದು ನಮ್ಮ ಕೌದಿಯ ಅಕ್ಕನೋ ತಂಗಿಯೋ ಇರಬೇಕು.

ಇವತ್ತಿನ ಆಸ್ಟ್ರೇಲಿಯಾದಲ್ಲಿ ತುಂಡುಬಟ್ಟೆಯ ರಜಾಯಿ ಹೊಲಿಯುವುದು ದೊಡ್ಡ ಹವ್ಯಾಸ. ಅದಕ್ಕೆಂದೇ ಅಂಗಡಿಗಳಿವೆ, ಸಂಘಗಳಿವೆ, ಪ್ರದರ್ಶನಗಳಿವೆ. ಪಿಜ್ಜಾ ಕತ್ತರಿಸುವ ಗಾಲಿಯಂಥ ಕತ್ತರಿ, ಗೆರೆ ಹಾಕಿದ ಹಾಸು, ನಡುವೆ ತುಂಬುವ ಹತ್ತಿಯ ಹಾಳೆ ಎಲ್ಲವೂ ಸಿಗುತ್ತವೆ. ಮೀಟರಿಗೆ ಇಪ್ಪತ್ತು ಮೂವತ್ತು ಡಾಲರ್ ಕೊಟ್ಟು ಹೊಸ ಬಟ್ಟೆ ತಂದು, ಅದನ್ನು ಚೂರು ಮಾಡಿ, ಮತ್ತೆ ಸೇರಿಸುತ್ತಾರೆ. ಅವರ ಕೈ ಬಹಳ ಅಚ್ಚುಕಟ್ಟು, ಮೂಲೆಗೆ ಮೂಲೆ ಕೂಡಿರುತ್ತದೆ. ನಾವು ನೋಡಿ ಖುಷಿಪಟ್ಟಿದ್ದೇವೆ. ಆದರೆ ನಮ್ಮ ಕೌದಿಗೆ ಬೇಕಾದದ್ದು ಯಾರೋ ಉಟ್ಟ ಬಟ್ಟೆ. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

2022ರ ಚಳಿಗಾಲದಲ್ಲಿ ಹೊಲಿಯಲು ಕೂತೆವು. ಇಲ್ಲಿ ಚಳಿಗಾಲ ಜೂನ್‌ನಿಂದ ಆಗಸ್ಟ್‌ವರೆಗೆ. ಬೆಳಗಿನ ಜಾವ ಬ್ಲ್ಯಾಕ್‌ಟೌನಿನಲ್ಲಿ ನಾಲ್ಕೈದು ಡಿಗ್ರಿಗೆ ಇಳಿಯುತ್ತದೆ, ಮನೆಗಳ ಗೋಡೆ ತೆಳು. ಮಗಳ ಹೊಲಿಗೆ ಯಂತ್ರ ಎಂಟು ಪದರಕ್ಕೆ ಸೋತು ಎರಡು ಸೂಜಿ ಮುರಿಯಿತು. ಕೈಹೊಲಿಗೆಯೇ ಗತಿ. ಸೀರೆ ಹಾಸಿ ನಾಲ್ಕು ಮೂಲೆಗೆ ಬೇಳೆ ಡಬ್ಬಿ ಇಟ್ಟೆವು. ತುಂಡುಗಳನ್ನು ಕತ್ತರಿಸದೆ ಕೈಯಿಂದಲೇ ಹರಿದೆವು, ನೂಲಿನ ಬಟ್ಟೆ ಹರಿದರೆ ಎಳೆಯ ಗುಂಟ ನೆಟ್ಟಗೆ ಬರುತ್ತದೆ. ಅಂಚನ್ನು ಒಳಗೆ ಮಡಚಿ, ಹೊರಗಿನಿಂದ ಒಳಗೆ, ಬೆರಳಗಲಕ್ಕೊಂದು ಸಾಲು ಹೊಲಿಗೆ. ಒಬ್ಬರು ಹೊಲಿದರೆ ಇನ್ನೊಬ್ಬರು ಸೂಜಿಗೆ ದಾರ ಪೋಣಿಸುವುದು. ವಯಸ್ಸಾದ ಕಣ್ಣಿಗೆ ಹೊಲಿಯುವುದಕ್ಕಿಂತ ಅದೇ ಕಷ್ಟ.

ಅವ್ವನ ಸೀರೆಯ ಜೊತೆ ಏನೇನು ಸೇರಿತು ಗೊತ್ತೇ? ಶಾರ್ಜಾದ ವರ್ಕ್‌ಶಾಪಿನ ನೀಲಿ ಕವರಾಲ್. ಅದರ ಬಟ್ಟೆ ಸೂಜಿಗೆ ಬಗ್ಗುವುದಿಲ್ಲ, ಹಾಗಾಗಿ ಉದ್ದ ಪಟ್ಟಿ ಹರಿದು ನಾಲ್ಕು ಕಡೆ ಅಂಚು ಕಟ್ಟಿದೆವು. ಕೌದಿ ಮೊದಲು ಹರಿಯುವುದೇ ಅಂಚಿನಲ್ಲಿ, ಅಲ್ಲಿ ಗಟ್ಟಿ ಬಟ್ಟೆ ಒಳ್ಳೆಯದು. ತಂಗಿಯ ಕುಪ್ಪಸ, ಅಳಿಯನ ಅಂಗಿ, ಮೆಲ್ಬರ್ನ್ ಹುಡುಗನ ಕಾಲೇಜಿನ ಟೀಶರ್ಟ್, ಮೊಮ್ಮಗನ ಮೊದಲ ವರ್ಷದ ಜುಬ್ಬ, ಚಿಗವ್ವ ಕಳಿಸಿದ ಖಣದ ಚೂರು. ನಡುವೆ ನಾಲ್ಕು ಕಾಳು ಜೋಳ ಮಾತ್ರ ಆಸ್ಟ್ರೇಲಿಯಾದ್ದೇ. ಇಲ್ಲಿ ಕ್ವೀನ್ಸ್‌ಲ್ಯಾಂಡ್ ಕಡೆ ಜೋಳ ಬೆಳೆಯುತ್ತಾರೆ. ಮೂರು ತಿಂಗಳಿಗೆ ಮುಗಿಯಿತು. ತೂಗಿ ನೋಡಿದರೆ ಮೂರು ಕಿಲೋದ ಮೇಲೆ ಸ್ವಲ್ಪ.

ನಮಗೆ ಅಚ್ಚರಿ ಆದದ್ದು ಮೊಮ್ಮಗನಿಂದ. ಆರು ವರ್ಷದ ಹುಡುಗ, ಕನ್ನಡ ಅರ್ಥವಾಗುತ್ತದೆ, ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ಅವನಿಗೆ ಊರಿನವರೆಲ್ಲ ಅಂಕಲ್, ಆಂಟಿ. ಕೌದಿಯ ಮೇಲೆ ಬೆರಳಿಟ್ಟು “ಇದು ಯಾರದು?” ಎಂದು ಕೇಳುವ ಆಟ ಅವನೇ ಶುರುಮಾಡಿದ. ಇದು ಮುತ್ತಜ್ಜಿಯದು, ಇದು ಅಜ್ಜನ ಕೆಲಸದ್ದು, ಇದು ಅಜ್ಜನ ಚಿಗವ್ವನದು ಎಂದು ನಾವು ಹೇಳುತ್ತ ಹೋದೆವು. ಈಗ ವಿಡಿಯೋ ಕರೆಯಲ್ಲಿ ಚಿಗವ್ವ ಕಂಡರೆ “ಕೆಂಪು ಚೂರಿನ ಅಜ್ಜಿ” ಎಂದು ಗುರುತು ಹಿಡಿಯುತ್ತಾನೆ. ಫೋಟೋ ಆಲ್ಬಮ್ ತೋರಿಸಿ ನಾವು ಎರಡು ವರ್ಷದಲ್ಲಿ ಕಲಿಸಲಾಗದ್ದು ಇದು.

ದೂರವಾದವರು ಬಟ್ಟೆಯ ಮೂಲಕ ತಮ್ಮವರನ್ನು ಹಿಡಿದಿಟ್ಟುಕೊಂಡ ಕಥೆ ನಮ್ಮೊಬ್ಬರದೇ ಅಲ್ಲ. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ ಅಂಥ ಎರಡು ಸಾಕ್ಷಿಗಳಿವೆ. ಒಂದು, ರಾಷ್ಟ್ರೀಯ ಕಲಾ ಗ್ಯಾಲರಿಯಲ್ಲಿರುವ ರಾಜಾ ರಜಾಯಿ. 1841ರಲ್ಲಿ ಸುಮಾರು 180 ಮಹಿಳಾ ಕೈದಿಗಳನ್ನು ಇಂಗ್ಲೆಂಡಿನಿಂದ ಹೋಬಾರ್ಟ್‌ಗೆ ಸಾಗಿಸಿದ ‘ರಾಜಾ’ ಎಂಬ ಹಡಗಿನಲ್ಲಿ, ದಾನಿಗಳು ಕೊಟ್ಟ ಸೂಜಿ, ದಾರ, ಚೂರು ಬಟ್ಟೆಗಳಿಂದ ಆ ಹೆಂಗಸರು ಹೊಲಿದದ್ದು. ಅದರಲ್ಲಿ 2,815 ತುಂಡುಗಳಿವೆ. ಬಟ್ಟೆ ಬಹಳ ಸೂಕ್ಷ್ಮವಾದ್ದರಿಂದ ಅಪರೂಪಕ್ಕೆ ಮಾತ್ರ ಹೊರತೆಗೆಯುತ್ತಾರೆ. ಎರಡನೆಯದು ಯುದ್ಧ ಸ್ಮಾರಕದಲ್ಲಿರುವ ಚಾಂಗಿ ರಜಾಯಿಗಳು. 1942ರಲ್ಲಿ ಸಿಂಗಾಪುರ ಜಪಾನಿನ ವಶವಾದಾಗ ಚಾಂಗಿ ಜೈಲಿನಲ್ಲಿ ಸೆರೆಯಾದ ಹೆಂಗಸರು ಅವನ್ನು ಹೊಲಿದರು. ಗಂಡಂದಿರು ಬೇರೆ ಕಡೆ ಸೆರೆಯಲ್ಲಿದ್ದರು, ಸುದ್ದಿ ಕಳಿಸುವ ದಾರಿ ಇರಲಿಲ್ಲ. ಒಬ್ಬೊಬ್ಬರೂ ಒಂದೊಂದು ಚೌಕದಲ್ಲಿ ತಮ್ಮ ಹೆಸರು ಮತ್ತು ತಮ್ಮದೇ ಒಂದು ಗುರುತು ಕಸೂತಿ ಹಾಕಿ, ಹಾಗೆ 66 ಚೌಕ ಸೇರಿಸಿ, ಗಾಯಾಳುಗಳಿಗೆಂದು ಆಸ್ಪತ್ರೆಗೆ ಕಳಿಸಿದರು. ನೋಡಿದವರಿಗೆ ತಮ್ಮವಳು ಬದುಕಿದ್ದಾಳೆ ಎಂದು ತಿಳಿಯಲಿ ಎಂಬ ಆಸೆ.

ನೀವಿರುವ ನಾಡಿನಲ್ಲೂ ಕೈಕೆಲಸಕ್ಕೆ ಬೆಲೆ ಇದೆ. ಮರುಭೂಮಿಯ ಬದೂಯಿನ್ ಹೆಂಗಸರು ಉಣ್ಣೆಯಲ್ಲಿ ನೇಯುವ ಸಾದು ಬಟ್ಟೆಯನ್ನು ಯುನೆಸ್ಕೋ 2011ರಲ್ಲಿ ಯುಎಇಯ ಹೆಸರಿನಲ್ಲಿಯೂ 2020ರಲ್ಲಿ ಸೌದಿ ಮತ್ತು ಕುವೈತ್‌ಗಳ ಹೆಸರಿನಲ್ಲಿಯೂ ತನ್ನ ಪಟ್ಟಿಗೆ ಸೇರಿಸಿದೆ. ಕುವೈತ್‌ನ ಸಾದು ಹೌಸ್‌ಗೆ ರಜೆಯ ದಿನ ಒಮ್ಮೆ ಹೋಗಿ ಬನ್ನಿ. ಗುಡಾರದಲ್ಲಿ ಬದುಕಿದ ಜನ ತಮ್ಮ ಮನೆಯನ್ನೇ ನೇಯ್ದುಕೊಂಡಿದ್ದರು ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಗಲ್ಫ್‌ನಲ್ಲಿ ಕೂತು ಕೌದಿ ಹೊಲಿಯಲು ಜಾಗ ಎಲ್ಲಿದೆ ಎನ್ನುವಿರಿ. ಪೂರ್ತಿ ಕೌದಿ ಬೇಡ, ಅಲ್ಲಿ ಒಂದು ತುಂಡು ಹೊಲಿದರೂ ಸಾಕು. ಮೊಳ ಉದ್ದ, ಮೊಳ ಅಗಲದ ತುಂಡನ್ನು ಮಂಚದ ಮೇಲೆಯೇ ಹೊಲಿಯಬಹುದು. ಗಂಡಸರಿಗೇಕೆ ಈ ಕೆಲಸ ಎನ್ನಬೇಡಿ. ಗುಂಡಿ ಹಚ್ಚಿ, ಪ್ಯಾಂಟಿನ ಕಾಲು ಮಡಚಿ ಹೊಲಿದುಕೊಂಡು ಬದುಕಿದವರಲ್ಲವೇ ನಾವೆಲ್ಲ? ಅದೂ ಬೇಡವಾದರೆ ಹಳೆಯ ನೂಲಿನ ಅಂಗಿಯನ್ನು ಒರೆಸುವ ಬಟ್ಟೆ ಮಾಡದೆ ಒಗೆದು ಊರಿಗೆ ಒಯ್ಯಿರಿ. ಪಾಲಿಯೆಸ್ಟರ್ ಬೇಡ, ಬೆವರು ಹೀರುವುದಿಲ್ಲ. ಊರಿನಲ್ಲಿ ಕೌದಿ ಹೊಲಿಯುವ ಹೆಣ್ಣುಮಕ್ಕಳು ಇನ್ನೂ ಇದ್ದಾರೆ. ವಾರಗಟ್ಟಲೆ ಕೂತು ಹೊಲಿಯುವ ಕೆಲಸ ಅದು, ಕೂಲಿಯಲ್ಲಿ ಚೌಕಾಶಿ ಮಾಡಬೇಡಿ. ನಿಮ್ಮ ಅಂಗಿ, ಹೆಂಡತಿಯ ಸೀರೆ, ಮಕ್ಕಳ ಲಂಗ ಒಂದೇ ಕೌದಿಯಲ್ಲಿ ಸೇರಲಿ. ನೀವು ಇಲ್ಲದ ಹನ್ನೊಂದು ತಿಂಗಳು ಆ ಮನೆಯ ಮಕ್ಕಳು ಅದನ್ನು ಹೊಚ್ಚಿಕೊಂಡು ಮಲಗಲಿ.

ಇನ್ನೊಂದು ಮಾತು. ಮೊದಲ ಮೂಲೆಯನ್ನು ಹೇಗೆ ಮಡಚಬೇಕು ಎಂಬುದು ನಮಗೆ ಗೊತ್ತಿರಲಿಲ್ಲ. ಚಿಗವ್ವ ವಿಡಿಯೋ ಕರೆಯಲ್ಲಿ ಒಂದು ಕರವಸ್ತ್ರ ಹಿಡಿದು ಮೂರು ಸಲ ಮಡಚಿ ತೋರಿಸಿದಳು, ಹಾಗಾಗಿ ನಮ್ಮ ಕೌದಿ ಶುರುವಾಯಿತು. ನಿಮ್ಮ ಮನೆಯಲ್ಲಿ ಅವ್ವನೋ ಅಮ್ಮನೋ ಅಜ್ಜಿಯೋ ಇದ್ದರೆ, ಕೌದಿಯಾಗಲಿ ಕಸೂತಿಯಾಗಲಿ ಚಾಪೆಯಾಗಲಿ, ಅವರ ಕೈಗೆ ಗೊತ್ತಿರುವ ಒಂದನ್ನು ಈ ವಾರದ ಕರೆಯಲ್ಲಿ ಕೇಳಿ ನೋಡಿ. ಊಟ ಆಯ್ತಾ, ಮಳೆ ಬಂತಾ ಎಂದು ಕೇಳಿ ಮುಗಿಸುವ ಕರೆ ಅಂದು ಅರ್ಧ ಗಂಟೆ ಹೆಚ್ಚು ನಡೆಯುತ್ತದೆ.